ದರಪಟ್ಟಿಯ ಅಕ್ಷರವಿನ್ಯಾಸಕ್ಕೆ ನೆಸ್ಟೆಡ್ ಸ್ಟೈಲ್: ಕಾಲ ಮತ್ತು ವೆಚ್ಚದ ಉಳಿತಾಯಕ್ಕೊಂದು ಸಾಧನ

2025ರ ಸೆಪ್ಟೆಂಬರ್ 3ರಂದು ಸಭೆ ಸೇರಿದ ಜಿ.ಎಸ್.ಟಿ. ಮಂಡಳಿಯು ತೆರಿಗೆ ದರಗಳ ಪುನರ್‌ರಚನೆಗೆ ಒಪ್ಪಿಗೆ ನೀಡಿತು. ಅದೇ ತಿಂಗಳ 22ರಿಂದ ಹೊಸ ದರಗಳು ಜಾರಿಗೆ ಬಂದವು. ಶೇಕಡ 12 ಮತ್ತು ಶೇಕಡ 28ರ ಹಂತಗಳಲ್ಲಿದ್ದ ಬಹುಪಾಲು ಸರಕುಗಳು ಶೇಕಡ 5 ಅಥವಾ ಶೇಕಡ 18ರ ಹಂತಕ್ಕೆ ಸೇರಿದವು. ನಿರ್ಧಾರಕ್ಕೂ ಜಾರಿಗೂ ನಡುವೆ ಇದ್ದುದು ಮೂರು ವಾರಗಳಿಗಿಂತ ಕಡಿಮೆ ಅವಧಿ. ಈ ಅವಧಿಯಲ್ಲಿ ದರ ಬದಲಾದ ಸರಕುಗಳ ತಯಾರಕರೂ ವರ್ತಕರೂ ತಮ್ಮ ದರಪಟ್ಟಿ, ಕ್ಯಾಟಲಾಗ್ ಹಾಗೂ ಡೀಲರುಗಳಿಗೆ ಕಳುಹಿಸುವ ಸುತ್ತೋಲೆಗಳನ್ನು ಹೊಸದಾಗಿ ಸಿದ್ಧಪಡಿಸಬೇಕಾಯಿತು.

ತೆರಿಗೆಯ ಬದಲಾವಣೆ ಒಂದು ನಿಮಿತ್ತ ಮಾತ್ರ. ಕಚ್ಚಾ ಸಾಮಗ್ರಿಯ ಬೆಲೆ ಏರಿದಾಗ, ಹೊಸ ಮಾದರಿ ಸೇರಿದಾಗ, ಹಳೆಯದು ನಿಂತಾಗ ದರಪಟ್ಟಿ ಬದಲಾಗಲೇಬೇಕು. ಅಂಕಿ ಅಂಶಗಳನ್ನು ಗಣಕದಲ್ಲಿ ತಿದ್ದುವ ಕೆಲಸ ಬೇಗ ಮುಗಿಯುತ್ತದೆ. ವಿಳಂಬವಾಗುವುದು ಅನಂತರದ ಘಟ್ಟದಲ್ಲಿ. ಅಂದರೆ ತಿದ್ದಿದ ಪಟ್ಟಿಯು ಡಿ.ಟಿ.ಪಿ. ಕೇಂದ್ರಕ್ಕೆ ಹೋಗಿ, ಅಲ್ಲಿ ಪ್ರತಿಯೊಂದು ಸಾಲಿನ ಸಂಕೇತ ಸಂಖ್ಯೆ, ಹೆಸರು ಹಾಗೂ ಬೆಲೆಗೆ ಬೇರೆ ಬೇರೆ ಅಕ್ಷರರೂಪವನ್ನು ಕೈಯಿಂದ ಕೊಡುವಾಗ. ಈ ಕೈಕೆಲಸವನ್ನು ಬಹುಮಟ್ಟಿಗೆ ಇಲ್ಲವಾಗಿಸುವ ಸೌಲಭ್ಯವೊಂದು ಪುಟವಿನ್ಯಾಸದ ತಂತ್ರಾಂಶದಲ್ಲಿ 2003ರಿಂದಲೇ ಲಭ್ಯವಿದೆ. ಅದರ ಹೆಸರು ನೆಸ್ಟೆಡ್ ಸ್ಟೈಲ್. ಈ ಸೌಲಭ್ಯದ ಸ್ವರೂಪ, ಅದನ್ನು ದರಪಟ್ಟಿಗೆ ಅಳವಡಿಸುವ ಕ್ರಮ ಮತ್ತು ಕನ್ನಡದಲ್ಲಿ ಬಳಸುವಾಗ ವಹಿಸಬೇಕಾದ ಎಚ್ಚರಿಕೆಗಳನ್ನು ಇಲ್ಲಿ ವಿವರಿಸಲಾಗಿದೆ.

ಕೈಕೆಲಸದ ನಿಜವಾದ ವೆಚ್ಚ

ಆರುನೂರು ವಸ್ತುಗಳ ದರಪಟ್ಟಿಯೊಂದನ್ನು ಊಹಿಸಿಕೊಳ್ಳಬಹುದು. ಪ್ರತಿ ಸಾಲಿನಲ್ಲಿ ಸಂಕೇತ ಸಂಖ್ಯೆಗೆ ಒಂದು ಬಣ್ಣ, ವಸ್ತುವಿನ ಹೆಸರಿಗೆ ದಪ್ಪ ಅಕ್ಷರ, ಬೆಲೆಗೆ ಇನ್ನೂ ದಪ್ಪ ಅಕ್ಷರ ಎಂದು ಮೂರು ಕಡೆ ಕೈಯಾಡಿಸಬೇಕೆಂದರೆ ಒಟ್ಟು 1,800 ಬಾರಿ ಅಕ್ಷರಗಳನ್ನು ಆಯ್ದು ರೂಪ ಕೊಡಬೇಕಾಗುತ್ತದೆ. ಒಂದೊಂದಕ್ಕೆ ಐದೇ ಸೆಕೆಂಡು ಎಂದು ಲೆಕ್ಕ ಹಿಡಿದರೂ ಎರಡೂವರೆ ಗಂಟೆಗಳ ಎಡೆಬಿಡದ ಕೆಲಸ. ಪ್ರೂಫ್ ನೋಡಿ ತಿದ್ದುವ ಕಾಲ ಇದರಲ್ಲಿ ಸೇರಿಲ್ಲ. ಮುಂದಿನ ಪರಿಷ್ಕರಣೆಯಲ್ಲಿ ಹೊಸ ಪಠ್ಯವನ್ನು ತುಂಬಿದರೆ ಇಷ್ಟೂ ಕೆಲಸ ಮೊದಲಿನಿಂದ ಆರಂಭವಾಗುತ್ತದೆ.

ಕಾಲಕ್ಕಿಂತ ದೊಡ್ಡ ನಷ್ಟ ತಪ್ಪುಗಳದು. ದರಪಟ್ಟಿಯಲ್ಲಿ ದಪ್ಪ ಅಕ್ಷರವೆಂಬುದು ಅಲಂಕಾರವಲ್ಲ. ಅದು ಓದುಗನಿಗೆ ಕೊಡುವ ಸೂಚನೆ. ತೆರಿಗೆ ಹೊರತಾದ ದರವನ್ನು ದಪ್ಪವಾಗಿಯೂ ಗರಿಷ್ಠ ಮಾರಾಟ ಬೆಲೆಯನ್ನು ಸಾಧಾರಣ ಅಕ್ಷರದಲ್ಲಿಯೂ ಮುದ್ರಿಸುವ ಪದ್ಧತಿಯಿರುವ ಪಟ್ಟಿಯಲ್ಲಿ ಒಂದು ಸಾಲು ಅದಲುಬದಲಾದರೆ ಡೀಲರನು ತಪ್ಪು ಅಂಕಿಯನ್ನು ಹಿಡಿದು ಆರ್ಡರ್ ಬರೆಯುವ ಸಂಭವವುಂಟು. ಸರಕು ರವಾನೆಯಾದ ಬಳಿಕ ಈ ವ್ಯತ್ಯಾಸವನ್ನು ಸರಿಪಡಿಸಲು ಕ್ರೆಡಿಟ್ ನೋಟ್, ಪತ್ರವ್ಯವಹಾರ, ಕೆಲವೊಮ್ಮೆ ಮನಸ್ತಾಪ. ಕೈಯಿಂದ ಮಾಡಿದ ವಿನ್ಯಾಸದಲ್ಲಿ ಇಂತಹ ತಪ್ಪು ಎಲ್ಲಿ ಅಡಗಿದೆ ಎಂಬುದನ್ನು ಊಹಿಸಲು ಬಾರದು. ಪ್ರತಿ ಸಾಲನ್ನೂ ಓದಿಯೇ ಕಂಡುಹಿಡಿಯಬೇಕು.

ಪೇಜ್‌ಮೇಕರ್‌ನಿಂದ ಇನ್‌ಡಿಸೈನ್‌ವರೆಗೆ

ಕರ್ನಾಟಕದ ಡಿ.ಟಿ.ಪಿ. ಕೇಂದ್ರಗಳು ಹಾಗೂ ಮುದ್ರಣಾಲಯಗಳು ದೀರ್ಘಕಾಲ ಅವಲಂಬಿಸಿದ್ದು ಪೇಜ್‌ಮೇಕರ್ ತಂತ್ರಾಂಶವನ್ನು. ಆಲ್ಡಸ್ ಕಂಪನಿಯು 1985ರಲ್ಲಿ ಹೊರತಂದ ಈ ತಂತ್ರಾಂಶವು 1994ರಲ್ಲಿ ಆ ಕಂಪನಿಯೊಡನೆ ಅಡೋಬಿ ಸಂಸ್ಥೆಯ ವಶಕ್ಕೆ ಬಂದಿತು. 2001ರ 7.0 ಆವೃತ್ತಿಯೇ ಅದರ ಕೊನೆಯ ಪ್ರಮುಖ ಆವೃತ್ತಿ; 2004ರಲ್ಲಿ ಅದರ ಅಭಿವೃದ್ಧಿ ನಿಂತಿತು. ಅದಕ್ಕೆ ಪರ್ಯಾಯವಾಗಿ ಅಡೋಬಿ 1999ರಲ್ಲಿ ಇನ್‌ಡಿಸೈನ್ ತಂತ್ರಾಂಶವನ್ನು ಬಿಡುಗಡೆ ಮಾಡಿತ್ತು. ಪೇಜ್‌ಮೇಕರ್‌ನಲ್ಲಿ ಇಡೀ ಪ್ಯಾರಾಗ್ರಾಫಿಗೆ ಸ್ಟೈಲ್ ಕೊಡುವ ವ್ಯವಸ್ಥೆಯಿತ್ತು; ಆದರೆ ಪ್ಯಾರಾಗ್ರಾಫಿನೊಳಗಿನ ಭಾಗಗಳಿಗೆ ತಾನಾಗಿಯೇ ಭಿನ್ನ ರೂಪ ಕೊಡುವ ವ್ಯವಸ್ಥೆ ಇರಲಿಲ್ಲ. 2003ರಲ್ಲಿ ಬಂದ ಇನ್‌ಡಿಸೈನ್ ಸಿ.ಎಸ್. ಆವೃತ್ತಿಯಲ್ಲಿ ನೆಸ್ಟೆಡ್ ಸ್ಟೈಲ್ ಸೇರ್ಪಡೆಯಾಯಿತು. 2007ರ ಸಿ.ಎಸ್.3 ಆವೃತ್ತಿಯಲ್ಲಿ ಕೋಷ್ಟಕಗಳ ಸ್ಟೈಲ್‌ಗಳೂ, 2008ರ ಸಿ.ಎಸ್.4 ಆವೃತ್ತಿಯಲ್ಲಿ ಗ್ರೆಪ್ ಸ್ಟೈಲ್ ಎಂಬ ಇನ್ನೊಂದು ಸೌಲಭ್ಯವೂ ಬಂದವು. ಸ್ಪರ್ಧಿಯಾದ ಕ್ವಾರ್ಕ್‌ಎಕ್ಸ್‌ಪ್ರೆಸ್ 2011ರ 9ನೆಯ ಆವೃತ್ತಿಯಲ್ಲಿ ಕಂಡಿಷನಲ್ ಸ್ಟೈಲ್ ಎಂಬ ಹೆಸರಿನಲ್ಲಿ ಇದೇ ಬಗೆಯ ಸೌಲಭ್ಯವನ್ನು ನೀಡಿತು. ಕಚೇರಿಗಳಲ್ಲಿ ಸಾಮಾನ್ಯವಾಗಿ ಬಳಸುವ ವರ್ಡ್ ತಂತ್ರಾಂಶದಲ್ಲಿ ಇದಕ್ಕೆ ನೇರ ಸಮಾನವಾದುದಿಲ್ಲ.

ಸ್ಟೈಲ್ ಎಂದರೇನು?

ಸ್ಟೈಲ್ ಎಂದರೆ ಅಕ್ಷರರೂಪಕ್ಕೆ ಸಂಬಂಧಿಸಿದ ಸೂಚನೆಗಳ ಹೆಸರಿಟ್ಟ ಕಟ್ಟು. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಪ್ಯಾರಾಗ್ರಾಫ್ ಸ್ಟೈಲ್ ಇಡೀ ಪ್ಯಾರಾಗ್ರಾಫಿಗೆ ಅನ್ವಯವಾಗುತ್ತದೆ. ಫಾಂಟ್, ಗಾತ್ರ, ಸಾಲುಗಳ ಅಂತರ, ಟ್ಯಾಬ್‌ಗಳ ಸ್ಥಾನ ಮೊದಲಾದುವೆಲ್ಲ ಅದರಲ್ಲಿ ಅಡಕ. ಕ್ಯಾರೆಕ್ಟರ್ ಸ್ಟೈಲ್ ಪ್ಯಾರಾಗ್ರಾಫಿನೊಳಗಿನ ಕೆಲವು ಅಕ್ಷರಗಳಿಗೆ ಮಾತ್ರ ಅನ್ವಯಿಸುತ್ತದೆ.

ನೆಸ್ಟೆಡ್ ಸ್ಟೈಲ್ ಎಂಬುದು ಇವೆರಡರ ಜೋಡಣೆ. 'ಈ ಪ್ಯಾರಾಗ್ರಾಫಿನ ಆರಂಭದಿಂದ ಮೊದಲ ಟ್ಯಾಬ್‌ವರೆಗೆ ಇಂತಹ ಕ್ಯಾರೆಕ್ಟರ್ ಸ್ಟೈಲ್, ಅಲ್ಲಿಂದ ವಿವರಣಚಿಹ್ನೆಯವರೆಗೆ ಇಂತಹುದು' ಎಂಬ ಆಜ್ಞೆಗಳನ್ನು ಪ್ಯಾರಾಗ್ರಾಫ್ ಸ್ಟೈಲ್‌ನೊಳಗೇ ಬರೆದಿಡಲಾಗುತ್ತದೆ. ಆನಂತರ ಪ್ಯಾರಾಗ್ರಾಫಿಗೆ ಆ ಸ್ಟೈಲನ್ನು ಕೊಟ್ಟೊಡನೆ ಒಳಗಿನ ಭಾಗಗಳೆಲ್ಲ ತಮ್ಮ ತಮ್ಮ ರೂಪವನ್ನು ಪಡೆಯುತ್ತವೆ. ಆರುನೂರು ಸಾಲುಗಳನ್ನು ಒಟ್ಟಿಗೆ ಆಯ್ದು ಒಮ್ಮೆ ಸ್ಟೈಲ್ ಕೊಟ್ಟರೆ ಆರುನೂರೂ ಸಿದ್ಧ.

ಇದು ಸಾಧ್ಯವಾಗಬೇಕಾದರೆ ಒಂದೇ ಷರತ್ತು: ಎಲ್ಲ ಸಾಲುಗಳ ರಚನೆ ಒಂದೇ ಬಗೆಯದಾಗಿರಬೇಕು. ದರಪಟ್ಟಿ, ಬಿಡಿಭಾಗಗಳ ಪಟ್ಟಿ, ಡೀಲರುಗಳ ವಿಳಾಸ ಪಟ್ಟಿ, ಸದಸ್ಯರ ಕೈಪಿಡಿ ಮುಂತಾದ ವ್ಯಾಪಾರೀ ಸಾಹಿತ್ಯವೆಲ್ಲ ಸ್ವಭಾವತಃ ಇಂತಹುದೇ. ಆದುದರಿಂದಲೇ ಕಥೆ ಕಾದಂಬರಿಗಳ ಪ್ರಕಾಶಕರಿಗಿಂತ ಸಣ್ಣ ಉದ್ಯಮಿಗೆ ಈ ಸೌಲಭ್ಯದಿಂದ ಹೆಚ್ಚು ಪ್ರಯೋಜನ.

ಒಂದು ಉದಾಹರಣೆ

ನಲ್ಲಿ ಮತ್ತು ವಾಲ್ವ್‌ಗಳನ್ನು ತಯಾರಿಸುವ ಕಾಲ್ಪನಿಕ ಕಾರ್ಖಾನೆಯೊಂದರ ದರಪಟ್ಟಿಯ ಒಂದು ಸಾಲು ಹೀಗಿದೆಯೆಂದು ಇಟ್ಟುಕೊಳ್ಳೋಣ. ಮೊದಲು ಸಂಕೇತ 'ಬಿವಿ-15', ಒಂದು ಟ್ಯಾಬ್, ಬಳಿಕ 'ಹಿತ್ತಾಳೆ ಬಾಲ್ ವಾಲ್ವ್: 15 ಮಿ.ಮೀ., ಥ್ರೆಡ್ ಜೋಡಣೆ' ಎಂಬ ಹೆಸರು ಮತ್ತು ವಿವರ, ಒಂದು ಟ್ಯಾಬ್, ಎಚ್.ಎಸ್.ಎನ್. ಸಂಕೇತ 8481, ಒಂದು ಟ್ಯಾಬ್, ತೆರಿಗೆ 18%, ಒಂದು ಟ್ಯಾಬ್, ಕೊನೆಗೆ ತೆರಿಗೆ ಹೊರತಾದ ದರ ₹ 340.

ಇಲ್ಲಿ ಸಂಕೇತವು ಸಂಸ್ಥೆಯ ಬಣ್ಣದಲ್ಲಿ, ಹೆಸರು ದಪ್ಪ ಅಕ್ಷರದಲ್ಲಿ, ವಿವರ, ಎಚ್.ಎಸ್.ಎನ್. ಹಾಗೂ ತೆರಿಗೆ ಸಾಧಾರಣ ಅಕ್ಷರದಲ್ಲಿ, ದರವು ಅತಿ ದಪ್ಪ ಅಕ್ಷರದಲ್ಲಿ ಬರಬೇಕು. ಅನುಸರಿಸಬೇಕಾದ ಕ್ರಮ ಹೀಗಿದೆ.

ಮೊದಲಿಗೆ 'ಸಂಕೇತ', 'ಹೆಸರು', 'ದರ' ಎಂಬ ಮೂರು ಕ್ಯಾರೆಕ್ಟರ್ ಸ್ಟೈಲ್‌ಗಳನ್ನು ರಚಿಸಬೇಕು. ಪ್ರತಿಯೊಂದರಲ್ಲಿಯೂ ಬದಲಾಗಬೇಕಾದ ಗುಣವನ್ನು ಮಾತ್ರ ನಮೂದಿಸಿ ಉಳಿದುವನ್ನು ಖಾಲಿ ಬಿಡಬೇಕು. 'ಹೆಸರು' ಸ್ಟೈಲ್‌ನಲ್ಲಿ ದಪ್ಪ ಎಂದಷ್ಟೇ ಹೇಳಿ ಗಾತ್ರವನ್ನು ಬಿಟ್ಟರೆ, ಮುಂದೆ ಇಡೀ ಪಟ್ಟಿಯ ಅಕ್ಷರಗಾತ್ರವನ್ನು ಕಿರಿದಾಗಿಸಿದಾಗ ಹೆಸರಿನ ಗಾತ್ರವೂ ತಾನಾಗಿಯೇ ಕಿರಿದಾಗುತ್ತದೆ.

ಎರಡನೆಯದಾಗಿ 'ದರಸಾಲು' ಎಂಬ ಪ್ಯಾರಾಗ್ರಾಫ್ ಸ್ಟೈಲ್ ರಚಿಸಿ, ಅದರ ಆಯ್ಕೆಗಳಲ್ಲಿ 'ಡ್ರಾಪ್ ಕ್ಯಾಪ್ಸ್ ಅಂಡ್ ನೆಸ್ಟೆಡ್ ಸ್ಟೈಲ್ಸ್' ಎಂಬ ವಿಭಾಗವನ್ನು ತೆರೆದು 'ನ್ಯೂ ನೆಸ್ಟೆಡ್ ಸ್ಟೈಲ್' ಗುಂಡಿಯನ್ನು ಒತ್ತಬೇಕು. ಅಲ್ಲಿ ಬರುವ ಪ್ರತಿ ಸಾಲಿನಲ್ಲಿ ನಾಲ್ಕು ಅಂಗಗಳಿವೆ: ಯಾವ ಕ್ಯಾರೆಕ್ಟರ್ ಸ್ಟೈಲ್, ಗಡಿಚಿಹ್ನೆಯನ್ನು ಒಳಗೊಂಡೇ ಅಥವಾ ಅದಕ್ಕೆ ಮುಂಚೆಯೇ, ಎಷ್ಟನೆಯ ಚಿಹ್ನೆ, ಮತ್ತು ಯಾವ ಚಿಹ್ನೆ. ಎರಡನೆಯ ಅಂಗದಲ್ಲಿ 'ಥ್ರೂ' ಎಂದರೆ ಚಿಹ್ನೆಯೂ ಸೇರಿದಂತೆ, 'ಅಪ್ ಟು' ಎಂದರೆ ಚಿಹ್ನೆಯನ್ನು ಬಿಟ್ಟು.

ಮೂರನೆಯದಾಗಿ ಆಜ್ಞೆಗಳನ್ನು ಈ ಅನುಕ್ರಮದಲ್ಲಿ ತುಂಬಬೇಕು:

1. 'ಸಂಕೇತ' – ಥ್ರೂ – 1 – ಟ್ಯಾಬ್.
2. 'ಹೆಸರು' – ಥ್ರೂ – 1 – ವಿವರಣಚಿಹ್ನೆ, ಅಂದರೆ ಕೋಲನ್.
3. 'ನನ್' – ಥ್ರೂ – 3 – ಟ್ಯಾಬ್.
4. 'ದರ' – ಥ್ರೂ – 1 – ಟ್ಯಾಬ್.

ಆಜ್ಞೆಗಳು ಒಂದರ ನಂತರ ಒಂದರಂತೆ ನಡೆಯುತ್ತವೆ. ಹಿಂದಿನದು ಮುಗಿದಲ್ಲಿ ಮುಂದಿನದು ಆರಂಭ. ಮೂರನೆಯ ಆಜ್ಞೆಯಲ್ಲಿನ 'ನನ್' ಎಂಬುದು 'ಈ ಭಾಗವನ್ನು ಮುಟ್ಟದೆ ದಾಟಿ ಹೋಗು' ಎಂದು ಹೇಳುವ ವಿಧಾನ. ವಿವರದ ನಂತರ, ಎಚ್.ಎಸ್.ಎನ್. ನಂತರ ಮತ್ತು ತೆರಿಗೆಯ ನಂತರ ಒಂದೊಂದು ಟ್ಯಾಬ್ ಇರುವುದರಿಂದ ಮೂರು ಟ್ಯಾಬ್ ಎಂದು ಕೊಡಲಾಗಿದೆ. ನಾಲ್ಕನೆಯ ಆಜ್ಞೆಯಲ್ಲಿ ಕೇಳಿರುವ ಟ್ಯಾಬ್ ಸಾಲಿನಲ್ಲಿ ಇಲ್ಲವೇ ಇಲ್ಲ. ಹೀಗಿರುವಾಗ ಆ ಸ್ಟೈಲ್ ಪ್ಯಾರಾಗ್ರಾಫಿನ ಕೊನೆಯವರೆಗೂ ಮುಂದುವರಿಯುತ್ತದೆ. ಇಲ್ಲಿ ಬೇಕಾದುದೂ ಅದೇ.

ಮುಂದೊಂದು ದಿನ ದರವನ್ನು ಕಪ್ಪಿನ ಬದಲು ಕೆಂಪಿನಲ್ಲಿ ಮುದ್ರಿಸಬೇಕೆಂದು ತೀರ್ಮಾನವಾದರೆ 'ದರ' ಎಂಬ ಒಂದೇ ಕ್ಯಾರೆಕ್ಟರ್ ಸ್ಟೈಲನ್ನು ತಿದ್ದಿದರೆ ಸಾಕು. ಕನ್ನಡ, ಇಂಗ್ಲಿಷ್, ಹಿಂದಿ ಪಟ್ಟಿಗಳನ್ನು ಬೇರೆ ಬೇರೆಯಾಗಿ ಹೊರತರುವವರೂ ಇದೇ ರಚನೆಯನ್ನು ಉಳಿಸಿಕೊಂಡು ಫಾಂಟನ್ನು ಮಾತ್ರ ಬದಲಿಸಿಕೊಳ್ಳಬಹುದು.

ತಪ್ಪು ತಾನಾಗಿಯೇ ಕಣ್ಣಿಗೆ ಬೀಳುವ ಬಗೆ

ಈ ವ್ಯವಸ್ಥೆಯ ಇನ್ನೊಂದು ಗುಣ ಗಮನಾರ್ಹ. ಯಾವುದಾದರೊಂದು ಸಾಲಿನಲ್ಲಿ ಕೋಲನ್ ಬಿಟ್ಟುಹೋಗಿದ್ದರೆ ಎರಡನೆಯ ಆಜ್ಞೆಯು ಮುಗಿಯುವುದೇ ಇಲ್ಲ. ಹೆಸರಿನಿಂದ ದರದವರೆಗೆ ಇಡೀ ಸಾಲು 'ಹೆಸರು' ಸ್ಟೈಲ್‌ನಲ್ಲಿಯೇ ಉಳಿಯುತ್ತದೆ. ವಿವರದ ಬಳಿಕ ಅಕಸ್ಮಾತ್ತಾಗಿ ಎರಡು ಟ್ಯಾಬ್ ಬಿದ್ದಿದ್ದರೆ ಮೂರರ ಎಣಿಕೆ ಬೇಗ ಮುಗಿದು, ದರದ ಬದಲು 18% ಎಂಬುದು ಅತಿ ದಪ್ಪವಾಗಿಯೂ ದರವು ಸಾಧಾರಣ ಅಕ್ಷರದಲ್ಲಿಯೂ ಕಾಣಿಸಿಕೊಳ್ಳುತ್ತದೆ. ಪುಟದ ಮೇಲೆ ಕಣ್ಣಾಡಿಸಿದೊಡನೆ ಇಂತಹ ಸಾಲು ಎದ್ದು ತೋರುತ್ತದೆ. ಮೂಲ ಮಾಹಿತಿಯ ರಚನೆಯಲ್ಲಿನ ದೋಷವು ಅಕ್ಷರರೂಪದ ದೋಷವಾಗಿ ಹೊರಬರುವುದರಿಂದ ಪ್ರೂಫ್ ನೋಡುವವರ ಕೆಲಸ ಹಗುರವಾಗುತ್ತದೆ.

ಆದರೆ ಒಂದು ಮಿತಿಯನ್ನು ಮರೆಯುವಂತಿಲ್ಲ. 340 ಎಂದಿರಬೇಕಾದಲ್ಲಿ 430 ಎಂದಿದ್ದರೆ ಸ್ಟೈಲ್ ಅದನ್ನು ಅಷ್ಟೇ ಅಂದವಾಗಿ ಅಚ್ಚಿಗೆ ಸಿದ್ಧಗೊಳಿಸುತ್ತದೆ. ಅದು ರೂಪವನ್ನು ನೋಡುತ್ತದೆಯೇ ಹೊರತು ಅಂಕಿಯ ಸತ್ಯಾಸತ್ಯತೆಯನ್ನಲ್ಲ. ಅಂಕಿಗಳನ್ನು ಮೂಲ ಪಟ್ಟಿಯೊಡನೆ ತಾಳೆ ನೋಡುವ ಹೊಣೆ ಸಂಸ್ಥೆಯದೇ.

ಗಡಿಚಿಹ್ನೆಯ ಆಯ್ಕೆಯಲ್ಲಿ ವಿವೇಚನೆ

ಟ್ಯಾಬ್ ಮತ್ತು ಕೋಲನ್ ಮಾತ್ರವಲ್ಲದೆ ಅಕ್ಷರಗಳು, ಪದಗಳು, ವಾಕ್ಯಗಳು, ಅಂಕೆಗಳು, ಬಲವಂತದ ಸಾಲುಮುರಿತ, ಅಗಲದ ಖಾಲಿ ಜಾಗಗಳು ಹೀಗೆ ಹಲವು ಗಡಿಗಳನ್ನು ಇನ್‌ಡಿಸೈನ್ ಒದಗಿಸುತ್ತದೆ. ಇವೆಲ್ಲ ಕನ್ನಡದ ದರಪಟ್ಟಿಗೆ ಒಂದೇ ಸಮನಾಗಿ ಒಗ್ಗುವುದಿಲ್ಲ.

ಪದಗಳ ಎಣಿಕೆಯನ್ನು ಅವಲಂಬಿಸುವುದು ಕನ್ನಡದಲ್ಲಿ ಅಪಾಯಕರ. ಖಾಲಿ ಜಾಗವನ್ನು ನೋಡಿಯೇ ತಂತ್ರಾಂಶವು ಪದವನ್ನು ಗುರುತಿಸುತ್ತದೆ. 'ಬಾಲ್ ವಾಲ್ವ್' ಎಂದು ಬಿಡಿಸಿ ಬರೆದರೆ ಎರಡು ಪದ, ಕೂಡಿಸಿ ಬರೆದರೆ ಒಂದು. ಸಮಾಸಪದಗಳನ್ನು ಒಬ್ಬರು ಕೂಡಿಸಿ ಮತ್ತೊಬ್ಬರು ಬಿಡಿಸಿ ಬರೆಯುವುದು ಕನ್ನಡದಲ್ಲಿ ಸರ್ವೇಸಾಮಾನ್ಯ. ಒಂದೇ ಕಚೇರಿಯಲ್ಲಿ ಇಬ್ಬರು ಟೈಪ್ ಮಾಡಿದ ಪಟ್ಟಿಯಲ್ಲಿ ಈ ಎಣಿಕೆ ಖಂಡಿತ ತಪ್ಪುತ್ತದೆ.

ವಾಕ್ಯದ ಗಡಿಯೂ ಹಾಗೆಯೇ. ಪೂರ್ಣವಿರಾಮ, ಪ್ರಶ್ನಾರ್ಥಕ ಮತ್ತು ಉದ್ಗಾರ ಚಿಹ್ನೆಗಳನ್ನು ತಂತ್ರಾಂಶವು ವಾಕ್ಯದ ಅಂತ್ಯವೆಂದು ಎಣಿಸುತ್ತದೆ. 'ರೂ.', 'ಮಿ.ಮೀ.', 'ಕಿ.ಗ್ರಾಂ.' ಎಂಬ ಸಂಕ್ಷೇಪಗಳು ತುಂಬಿರುವ ಪಟ್ಟಿಯಲ್ಲಿ ಇದರಿಂದ ಗೊಂದಲವಾಗುತ್ತದೆ. ಪೂರ್ಣವಿರಾಮವನ್ನೇ ಗಡಿಯಾಗಿ ಆಯ್ದರೆ 12.5 ಎಂಬ ದಶಮಾಂಶದಲ್ಲಿಯೂ, ಅಲ್ಪವಿರಾಮವನ್ನು ಆಯ್ದರೆ 1,250 ಎಂಬ ಅಂಕಿಯಲ್ಲಿಯೂ ಸ್ಟೈಲ್ ಕಡಿದುಹೋಗುತ್ತದೆ. ಕೋಲನ್ ಸಾಮಾನ್ಯವಾಗಿ ಸುರಕ್ಷಿತವಾದರೂ 1:2:4ರಂತಹ ಪ್ರಮಾಣಗಳು ವಸ್ತುವಿನ ಹೆಸರಿನಲ್ಲಿಯೇ ಬರುವ ವ್ಯಾಪಾರಗಳಲ್ಲಿ ಅದೂ ಒಗ್ಗದು. ಅಂಕೆಗಳ ಗಡಿಯು 0ರಿಂದ 9ರವರೆಗಿನ ರೂಢಿಯ ಅಂಕೆಗಳಿಗಾಗಿ ರೂಪಿತವಾದುದು. ಕನ್ನಡ ಅಂಕೆಗಳನ್ನು ಬಳಸುವವರು ಅದನ್ನು ನೆಚ್ಚಬಾರದು. ಒತ್ತಕ್ಷರ, ಗುಣಿತಾಕ್ಷರಗಳಿರುವ ಕನ್ನಡದಲ್ಲಿ ಕಣ್ಣಿಗೆ ಕಾಣುವ ಒಂದು ಅಕ್ಷರವು ಗಣಕದ ಲೆಕ್ಕದಲ್ಲಿ ಹಲವು ಸಂಕೇತಗಳ ಸಮೂಹವಾಗಿರುವುದರಿಂದ ಅಕ್ಷರಗಳ ಎಣಿಕೆಯನ್ನು ಬಿಡುವುದೇ ಲೇಸು.

ಒಟ್ಟಿನಲ್ಲಿ, ಸಾಧ್ಯವಿರುವಲ್ಲೆಲ್ಲ ಟ್ಯಾಬ್ ಉತ್ತಮ ಗಡಿ. ಸಹಜವಾದ ಯಾವ ಗಡಿಯೂ ದೊರೆಯದ ಸಂದರ್ಭಕ್ಕಾಗಿ 'ಎಂಡ್ ನೆಸ್ಟೆಡ್ ಸ್ಟೈಲ್ ಹಿಯರ್' ಎಂಬ ವಿಶೇಷ ಚಿಹ್ನೆಯಿದೆ. ಮುದ್ರಣದಲ್ಲಿ ಕಾಣದ ಈ ಚಿಹ್ನೆಯನ್ನು ಇಟ್ಟ ಕಡೆ ಸ್ಟೈಲ್ ನಿಲ್ಲುತ್ತದೆ. ಮೂಲ ಪಟ್ಟಿಯಲ್ಲಿ ಇದನ್ನು ಟೈಪ್ ಮಾಡಲಾಗದ ಕಾರಣ, ಬೇರೆಲ್ಲಿಯೂ ಬಳಸದ ಒಂದು ಚಿಹ್ನೆಯನ್ನು, ಉದಾಹರಣೆಗೆ ನಿಲುವುಗೆರೆಯನ್ನು, ಅಲ್ಲಿ ಇಟ್ಟುಕೊಂಡು ಇನ್‌ಡಿಸೈನ್‌ಗೆ ಬಂದ ಮೇಲೆ 'ಫೈಂಡ್-ಚೇಂಜ್' ಮೂಲಕ ಎಲ್ಲವನ್ನೂ ಒಮ್ಮೆಗೇ ಬದಲಿಸಿಕೊಳ್ಳಬಹುದು.

ಪುನರಾವರ್ತನೆ ಮತ್ತು ಗ್ರೆಪ್

ಡೀಲರುಗಳ ವಿವರವನ್ನು ಜಾಗ ಉಳಿಸಲು ಒಂದೇ ಪ್ಯಾರಾಗ್ರಾಫಿನಲ್ಲಿ ಸಾಲಾಗಿ ಕೊಡುವ ಪದ್ಧತಿಯುಂಟು: ಊರಿನ ಹೆಸರು, ಕೋಲನ್, ವಿಳಾಸ, ಅರ್ಧವಿರಾಮ, ಮತ್ತೆ ಊರಿನ ಹೆಸರು, ಹೀಗೆ. ಇಲ್ಲಿ ಊರಿಗೆ ದಪ್ಪ ಅಕ್ಷರ 'ಥ್ರೂ 1 ಕೋಲನ್', ವಿಳಾಸಕ್ಕೆ 'ನನ್ ಥ್ರೂ 1 ಅರ್ಧವಿರಾಮ' ಎಂದು ಎರಡು ಆಜ್ಞೆ ಕೊಟ್ಟು, ಮೂರನೆಯದಾಗಿ 'ರಿಪೀಟ್' ಆಯ್ದು ಸಂಖ್ಯೆ 2 ಎಂದು ನಮೂದಿಸಿದರೆ ಕೊನೆಯ ಎರಡು ಆಜ್ಞೆಗಳು ಪ್ಯಾರಾಗ್ರಾಫ್ ಮುಗಿಯುವವರೆಗೆ ಆವರ್ತಿಸುತ್ತವೆ. ಡೀಲರುಗಳು ಹತ್ತಿರಲಿ, ನೂರಿರಲಿ, ಆಜ್ಞೆಗಳು ಮೂರೇ.

ನೆಸ್ಟೆಡ್ ಸ್ಟೈಲ್ ಸಾಲಿನ ಆರಂಭದಿಂದ ಕ್ರಮವಾಗಿ ಸಾಗುವಂಥದು. ಸಾಲಿನ ಯಾವ ಮೂಲೆಯಲ್ಲಿಯಾದರೂ ಬರಬಹುದಾದ ಪದಕ್ಕೋ ಚಿಹ್ನೆಗೋ ರೂಪ ಕೊಡಬೇಕಾದರೆ ಗ್ರೆಪ್ ಸ್ಟೈಲ್ ಬೇಕು. ಇದಕ್ಕೆ ಉತ್ತಮ ನಿದರ್ಶನ ರೂಪಾಯಿಯ ಚಿಹ್ನೆ. ಭಾರತ ಸರ್ಕಾರವು ₹ ಚಿಹ್ನೆಯನ್ನು ಅಂಗೀಕರಿಸಿದ್ದು 2010ರ ಜುಲೈ 15ರಂದು. ಅದಕ್ಕೆ ಮುಂಚೆ ರಚಿತವಾದ ಫಾಂಟ್‌ಗಳಲ್ಲಿ ಈ ಚಿಹ್ನೆ ಇಲ್ಲದಿರುವುದು ಸಹಜ; ಅಂತಹ ಫಾಂಟ್ ಬಳಸಿದ ಪಟ್ಟಿಯಲ್ಲಿ ಚಿಹ್ನೆಯ ಬದಲು ಖಾಲಿ ಚೌಕ ಮುದ್ರಿತವಾಗುತ್ತದೆ. ಚಿಹ್ನೆಯನ್ನು ಹೊಂದಿರುವ ಬೇರೊಂದು ಫಾಂಟಿನ ಕ್ಯಾರೆಕ್ಟರ್ ಸ್ಟೈಲ್ ರಚಿಸಿ, '₹ ಎಲ್ಲಿ ಬಂದರೂ ಈ ಸ್ಟೈಲ್' ಎಂದು ಗ್ರೆಪ್‌ನಲ್ಲಿ ಒಮ್ಮೆ ಹೇಳಿದರೆ ತೊಂದರೆ ಶಾಶ್ವತವಾಗಿ ಬಗೆಹರಿಯುತ್ತದೆ.

ಗೆರೆ ಹಾಕಿದ ಕೋಷ್ಟಕವಾಗಿಯೇ ದರಪಟ್ಟಿ ಬೇಕೆನ್ನುವವರು ಗಮನಿಸಬೇಕಾದುದು: ಕೋಷ್ಟಕದ ಪ್ರತಿಯೊಂದು ಮನೆಯೂ ಪ್ರತ್ಯೇಕ ಪ್ಯಾರಾಗ್ರಾಫ್. ಅಲ್ಲಿ ಸಂಕೇತ, ಎಚ್.ಎಸ್.ಎನ್., ದರಗಳ ಕಾಲಂಗಳಿಗೆ ಸೆಲ್ ಸ್ಟೈಲ್ ಮೂಲಕ ಬೇರೆ ಬೇರೆ ಪ್ಯಾರಾಗ್ರಾಫ್ ಸ್ಟೈಲ್ ಕೊಟ್ಟು, ಹೆಸರು ಮತ್ತು ವಿವರ ಜೊತೆಯಾಗಿರುವ ಕಾಲಂಗೆ ಮಾತ್ರ ನೆಸ್ಟೆಡ್ ಸ್ಟೈಲ್ ಬಳಸಿದರಾಯಿತು.

ಕನ್ನಡ ಫಾಂಟ್‌ಗಳ ಪ್ರಶ್ನೆ

ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ, ಮತ್ತು ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳಿಂದಾಗಿ ಕನ್ನಡದ ಅಕ್ಷರಜೋಡಣೆ ಗಣಕದಲ್ಲಿ ಬೇರೂರಿತು. ಆದರೆ ಆ ಕಾಲದ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಹಳೆಯ ನುಡಿ ಫಾಂಟ್‌ನಲ್ಲಿ 'ಕನ್ನಡ' ಎಂದು ಟೈಪ್ ಮಾಡಿದರೆ ಅದರ ನಕಾರದ ಆಕಾರವು ಕುಳಿತಿರುವುದು ಬ್ರಿಟನ್ನಿನ ಪೌಂಡ್ ಚಿಹ್ನೆಯ ಸ್ಥಾನದಲ್ಲಿ. ನೋಡುವವರಿಗೆ ಅದು ಕನ್ನಡ. ತಂತ್ರಾಂಶಕ್ಕೆ ಅದು ಹಣದ ಚಿಹ್ನೆ. ಅಕ್ಷರ, ಪದ, ಚಿಹ್ನೆಗಳನ್ನು ಗುರುತಿಸಿ ನಡೆಯುವ ನೆಸ್ಟೆಡ್ ಸ್ಟೈಲ್ ಹಾಗೂ ಗ್ರೆಪ್‌ಗಳು ಇಂತಹ ಪಠ್ಯದಲ್ಲಿ ದಾರಿ ತಪ್ಪುವುದರಲ್ಲಿ ಆಶ್ಚರ್ಯವಿಲ್ಲ. ಟ್ಯಾಬ್ ಗಡಿ ಮಾತ್ರ ಅಲ್ಲಿಯೂ ಸರಿಯಾಗಿ ಕೆಲಸ ಮಾಡುತ್ತದೆ.

ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ ತನ್ನದೇ ಸ್ಥಾನಗಳಿರುವುದರಿಂದ ಈ ತೊಡಕಿಲ್ಲ. 2012ರಲ್ಲಿ ಬಂದ ಇನ್‌ಡಿಸೈನ್ ಸಿ.ಎಸ್.6 ಆವೃತ್ತಿಯಿಂದ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಬೆಂಬಲ ದೊರೆತಿದೆ. ಒತ್ತಕ್ಷರಗಳು ಬಿಡಿಬಿಡಿಯಾಗಿ ಕಾಣಿಸಿದರೆ ಪ್ಯಾರಾಗ್ರಾಫ್ ಸ್ಟೈಲ್‌ನ 'ಜಸ್ಟಿಫಿಕೇಷನ್' ವಿಭಾಗದಲ್ಲಿ 'ಅಡೋಬಿ ವರ್ಲ್ಡ್-ರೆಡಿ' ಕಂಪೋಸರ್ ಆಯ್ಕೆಯಾಗಿದೆಯೇ ಎಂದು ನೋಡಬೇಕು. ಹಳೆಯ ಪಟ್ಟಿಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವ ಸಾಧನಗಳು ಲಭ್ಯವಿವೆ. ಪರಿವರ್ತನೆಯ ಬಳಿಕ ಒಮ್ಮೆ ಪೂರ್ತಿಯಾಗಿ ಓದಿ ನೋಡುವುದು ಅವಶ್ಯ.

ಮಾಹಿತಿಯನ್ನು ಎಕ್ಸೆಲ್‌ನಿಂದ ತೆಗೆಯುವಾಗಲೂ ಎಚ್ಚರ ಬೇಕು. 'ಟೆಕ್ಸ್ಟ್, ಟ್ಯಾಬ್ ಡಿಲಿಮಿಟೆಡ್' ಎಂದು ಉಳಿಸಿದರೆ ಕನ್ನಡ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. 'ಯೂನಿಕೋಡ್ ಟೆಕ್ಸ್ಟ್' ಎಂದು ಉಳಿಸಿದರೆ ಅಕ್ಷರಗಳೂ ಉಳಿಯುತ್ತವೆ, ಕಾಲಂಗಳ ನಡುವೆ ಟ್ಯಾಬ್‌ಗಳೂ ಬರುತ್ತವೆ. ಹೆಸರು ಮತ್ತು ವಿವರ ಬೇರೆ ಬೇರೆ ಕಾಲಂಗಳಲ್ಲಿದ್ದರೆ ಎಕ್ಸೆಲ್‌ನಲ್ಲಿಯೇ ಸೂತ್ರವೊಂದರಿಂದ ಅವನ್ನು ಕೋಲನ್ ಸೇರಿಸಿ ಜೋಡಿಸಿಕೊಳ್ಳಬಹುದು.

ಕೈಯ ತಿದ್ದುಪಡಿಯೇ ಮುಖ್ಯ ಶತ್ರು

ಸ್ಟೈಲ್‌ಗಳಿಂದ ರಚಿಸಿದ ಪಟ್ಟಿಯಲ್ಲಿ ಆಪರೇಟರ್ ಅವಸರದಲ್ಲಿ ಅಲ್ಲೊಂದು ಇಲ್ಲೊಂದು ಸಾಲನ್ನು ಕೈಯಿಂದ ದಪ್ಪಗೊಳಿಸಿದರೆ ಆ ತಿದ್ದುಪಡಿಯು ನೆಸ್ಟೆಡ್ ಸ್ಟೈಲನ್ನು ಮೀರಿ ನಿಲ್ಲುತ್ತದೆ. ಮುಂದೆ ಸ್ಟೈಲ್ ಬದಲಿಸಿದಾಗ ಆ ಸಾಲುಗಳು ಮಾತ್ರ ಹಳೆಯ ರೂಪದಲ್ಲಿಯೇ ಉಳಿದು ಪಟ್ಟಿಯು ಕಲಸುಮೇಲೋಗರವಾಗುತ್ತದೆ. ಪ್ಯಾರಾಗ್ರಾಫ್ ಸ್ಟೈಲ್‌ನ ಹೆಸರಿನ ಪಕ್ಕದಲ್ಲಿ ಕೂಡುವ ಚಿಹ್ನೆ ಕಂಡರೆ ಅಲ್ಲಿ ಕೈಯ ತಿದ್ದುಪಡಿ ಇದೆಯೆಂದು ತಿಳಿಯಬೇಕು. ವಿಂಡೋಸ್‌ನಲ್ಲಿ ಆಲ್ಟ್ ಕೀಲಿಯನ್ನು ಒತ್ತಿ ಹಿಡಿದು ಸ್ಟೈಲ್‌ನ ಹೆಸರನ್ನು ಕ್ಲಿಕ್ ಮಾಡಿದರೆ ಈ ತಿದ್ದುಪಡಿಗಳು ಅಳಿಯುತ್ತವೆ. ಕೈಯಿಂದ ಕೊಟ್ಟ ಕ್ಯಾರೆಕ್ಟರ್ ಸ್ಟೈಲ್‌ಗಳನ್ನೂ ಅಳಿಸಬೇಕಾದರೆ ಆಲ್ಟ್‌ನೊಂದಿಗೆ ಶಿಫ್ಟ್ ಕೀಲಿಯನ್ನೂ ಒತ್ತಬೇಕು.

ಉದ್ಯಮಿಗಳು ಮಾಡಬೇಕಾದುದೇನು?

2013ರಿಂದ ಇನ್‌ಡಿಸೈನ್‌ನ ಹೊಸ ಆವೃತ್ತಿಗಳನ್ನು ಚಂದಾ ರೂಪದಲ್ಲಿ ಮಾತ್ರ ಪಡೆಯಬಹುದಾಗಿದೆ. ವರ್ಷಕ್ಕೆ ಒಂದೆರಡು ಬಾರಿ ದರಪಟ್ಟಿ ಹೊರತರುವ ಸಣ್ಣ ಘಟಕವು ಅದನ್ನು ಸ್ವತಃ ಕೊಳ್ಳುವ ಅಗತ್ಯವಿಲ್ಲ. ಬೆಂಗಳೂರಿನಲ್ಲಾಗಲಿ, ಮುದ್ರಣಕ್ಕೆ ಹೆಸರಾದ ಗದಗದಲ್ಲಾಗಲಿ, ತಮ್ಮ ಕೆಲಸ ಮಾಡಿಕೊಡುವ ಮುದ್ರಕರಲ್ಲಿ ಅದು ಇದ್ದರೆ ಸಾಕು. ಆದರೆ ಕೆಲಸವನ್ನು ಒಪ್ಪಿಸುವಾಗ ಏನು ಕೇಳಬೇಕೆಂಬುದು ಉದ್ಯಮಿಗೆ ತಿಳಿದಿರಬೇಕು. ಈ ಕೆಳಗಿನ ಅಂಶಗಳನ್ನು ಗಮನದಲ್ಲಿಡುವುದು ಉಚಿತ:

1. ದರಪಟ್ಟಿಯ ಮೂಲವನ್ನು ಸಂಸ್ಥೆಯ ಕಚೇರಿಯಲ್ಲಿಯೇ ಎಕ್ಸೆಲ್‌ನಲ್ಲಿ ಇಟ್ಟುಕೊಂಡು, ಎಲ್ಲ ತಿದ್ದುಪಡಿಗಳನ್ನೂ ಅಲ್ಲಿಯೇ ಮಾಡಬೇಕು. ಮುದ್ರಕರ ಕಡತದಲ್ಲಿ ನೇರವಾಗಿ ಅಂಕಿ ತಿದ್ದಿಸುವ ಪರಿಪಾಠವನ್ನು ಬಿಡಬೇಕು. ಇಲ್ಲವಾದರೆ ಎರಡು ಪಟ್ಟಿಗಳು ಹುಟ್ಟಿಕೊಳ್ಳುತ್ತವೆ.

2. ಒಂದು ಕಾಲಂನಲ್ಲಿ ಒಂದೇ ಬಗೆಯ ಮಾಹಿತಿ ಇರಬೇಕು. ಎಚ್.ಎಸ್.ಎನ್. ಸಂಕೇತಕ್ಕೆ ಪ್ರತ್ಯೇಕ ಕಾಲಂ ಬೇಕು. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ, ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರು ಇನ್‌ವಾಯ್ಸ್‌ಗಳಲ್ಲಿ ಆರು ಅಂಕೆಗಳ ಸಂಕೇತವನ್ನು ನಮೂದಿಸಬೇಕು. ದರಪಟ್ಟಿಯಲ್ಲಿಯೂ ಅದನ್ನೇ ಅನುಸರಿಸಿದರೆ ಡೀಲರಿಗೆ ಗೊಂದಲವಿಲ್ಲ.

3. ಪ್ಯಾರಾಗ್ರಾಫ್ ಮತ್ತು ಕ್ಯಾರೆಕ್ಟರ್ ಸ್ಟೈಲ್‌ಗಳ ಮೂಲಕವೇ ವಿನ್ಯಾಸ ಮಾಡಿಕೊಡಬೇಕೆಂದು ಕೆಲಸದ ಆದೇಶದಲ್ಲಿ ನಮೂದಿಸಬೇಕು. ಮೊದಲ ಬಾರಿಗೆ ಇದಕ್ಕೆ ಸ್ವಲ್ಪ ಹೆಚ್ಚು ಶುಲ್ಕ ಕೇಳಿದರೂ ಎರಡನೆಯ ಪರಿಷ್ಕರಣೆಯಿಂದ ಅದು ಮರಳಿ ಬರುತ್ತದೆ.

4. ಕೆಲಸ ಮುಗಿದ ಮೇಲೆ ಪಿ.ಡಿ.ಎಫ್. ಮಾತ್ರವಲ್ಲದೆ, 'ಪ್ಯಾಕೇಜ್' ಆಜ್ಞೆಯಿಂದ ಒಟ್ಟುಗೂಡಿಸಿದ ಮೂಲ ಕಡತ ಹಾಗೂ ಚಿತ್ರಗಳನ್ನೂ ಪಡೆಯಬೇಕೆಂದು ಮೊದಲೇ ಒಪ್ಪಂದ ಮಾಡಿಕೊಳ್ಳಬೇಕು. ಮೂಲ ಕಡತ ಕೈಯಲ್ಲಿಲ್ಲದ ಸಂಸ್ಥೆಯು ಮುಂದಿನ ಪರಿಷ್ಕರಣೆಗೆ ಅದೇ ಮುದ್ರಕರನ್ನು ಅವಲಂಬಿಸಬೇಕಾಗುತ್ತದೆ, ಇಲ್ಲವೇ ಮೊದಲಿನಿಂದ ಖರ್ಚು ಮಾಡಬೇಕಾಗುತ್ತದೆ. ಫಾಂಟ್‌ಗಳಿಗೆ ಪ್ರತ್ಯೇಕ ಪರವಾನಗಿ ಇರುವುದರಿಂದ ಯಾವ ಫಾಂಟ್ ಬಳಸಲಾಗಿದೆ ಎಂಬುದನ್ನೂ ಬರೆದಿಟ್ಟುಕೊಳ್ಳಬೇಕು.

5. ಇಡೀ ಪಟ್ಟಿಗೆ ಅಳವಡಿಸುವ ಮುನ್ನ ಇಪ್ಪತ್ತು ಸಾಲುಗಳ ಮಾದರಿಯೊಂದನ್ನು ಸಿದ್ಧಪಡಿಸಿ ನೋಡಬೇಕು. ಅತಿ ಉದ್ದದ ಹೆಸರು, ದಶಮಾಂಶವಿರುವ ಅಳತೆ, ಅಲ್ಪವಿರಾಮವಿರುವ ದರ, ವಿವರವೇ ಇಲ್ಲದ ವಸ್ತು, ಹೀಗೆ ತೊಡಕಿನ ಸಾಲುಗಳನ್ನೇ ಅದಕ್ಕೆ ಆರಿಸಬೇಕು.

ಮೊದಲ ಪಟ್ಟಿಗೆ ಸ್ಟೈಲ್‌ಗಳನ್ನು ರೂಪಿಸಲು ಅನುಭವಿ ಆಪರೇಟರಿಗೆ ಅರ್ಧ ದಿನ ಬೇಕಾಗಬಹುದು. ಅನಂತರದ ಪ್ರತಿ ಪರಿಷ್ಕರಣೆಯಲ್ಲಿ ಎಕ್ಸೆಲ್‌ನಿಂದ ಪಠ್ಯವನ್ನು ತೆಗೆದು, ಹಳೆಯದರ ಸ್ಥಾನದಲ್ಲಿ ತುಂಬಿ, 'ದರಸಾಲು' ಸ್ಟೈಲ್ ಕೊಟ್ಟು, ಎದ್ದು ಕಾಣುವ ದೋಷಗಳನ್ನು ತಿದ್ದಿದರೆ ಪ್ರೂಫ್ ಸಿದ್ಧ. ಬೆಲೆಯಾಗಲಿ ತೆರಿಗೆಯಾಗಲಿ ಬದಲಾದ ಸಂದರ್ಭದಲ್ಲಿ ಹೊಸ ದರಪಟ್ಟಿಯನ್ನು ಡೀಲರುಗಳ ಕೈಗೆ ಮೊದಲು ತಲುಪಿಸಿದ ಸಂಸ್ಥೆಯು ಹಳೆಯ ದರದ ಆರ್ಡರುಗಳಿಂದಾಗುವ ವಾದವಿವಾದಗಳಿಂದ ಪಾರಾಗುತ್ತದೆ. ಇನ್ನೊಂದು ದರ ಬದಲಾವಣೆ ಬರುವವರೆಗೆ ಕಾಯದೆ, ಕೆಲಸ ಕಡಿಮೆಯಿರುವ ದಿನಗಳಲ್ಲಿಯೇ ಈ ಸಿದ್ಧತೆಯನ್ನು ಮಾಡಿಕೊಳ್ಳುವುದು ಜಾಣತನ.